ಹಳೇ ಗಂಟಲಿಗೆ ಪರರ ಹಾಡಿನ ಸಾಣೆ

2023ರ ಅಕ್ಟೋಬರ್ 20ರಂದು ಬ್ರಿಟನ್ನಿನ ರೋಲಿಂಗ್ ಸ್ಟೋನ್ಸ್ ರಾಕ್ ತಂಡದ ‘ಹ್ಯಾಕ್ನಿ ಡೈಮಂಡ್ಸ್’ ಆಲ್ಬಂ ಹೊರಬಂದಾಗ ಗಾಯಕ ಮಿಕ್ ಜ್ಯಾಗರ್‌ಗೆ 80 ತುಂಬಿತ್ತು, ಗಿಟಾರ್ ವಾದಕ ಕೀತ್ ರಿಚರ್ಡ್ಸ್‌ಗೆ 80 ತುಂಬಲು ಎರಡು ತಿಂಗಳು ಬಾಕಿ ಇತ್ತು. ಅವರ ಸ್ವಂತ ಹಾಡುಗಳ ಆಲ್ಬಂ ಬಂದು 18 ವರ್ಷವಾಗಿತ್ತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಪಿಂಕ್ ಫ್ಲಾಯ್ಡ್‌ನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಒಂಬತ್ತು ವರ್ಷದ ನಂತರ ‘ಲಕ್ ಅಂಡ್ ಸ್ಟ್ರೇಂಜ್’ ತಂದರು. ನವೆಂಬರ್ 1ಕ್ಕೆ ದಿ ಕ್ಯೂರ್ ತಂಡ 16 ವರ್ಷದ ಮೌನ ಮುರಿಯಿತು. ಮೂರೂ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನ ಮುಟ್ಟಿದವು. ಮೂರರ ವಿಮರ್ಶೆಗಳಲ್ಲೂ ಒಂದೇ ಮಾತು ತಿರುತಿರುಗಿ ಬಂತು: ಹಳಬರು ಫಾರ್ಮ್‌ಗೆ ಮರಳಿದ್ದಾರೆ.

ಫಾರ್ಮ್ ಎನ್ನುವ ಪದ ನಮಗೆ ಕ್ರಿಕೆಟ್‌ನಿಂದ ಚೆನ್ನಾಗಿ ಪರಿಚಯ. ಬ್ಯಾಟ್ಸ್‌ಮನ್ ಫಾರ್ಮ್‌ಗೆ ಬಂದರೋ ಇಲ್ಲವೋ ಎಂದು ಸ್ಕೋರ್‌ಬೋರ್ಡ್ ಹೇಳುತ್ತದೆ, ಅದರ ಮೇಲೆ ವಾದ ಇಲ್ಲ. ಆಲ್ಬಂಗೆ ಅಂಥ ಬೋರ್ಡಿಲ್ಲ. ಹಾಗಾಗಿ ಈ ಮಾತನ್ನು ಯಾರು ಯಾರಿಗೆ ಬೇಕಾದರೂ ಅಂಟಿಸಬಹುದು. ಸ್ಟೋನ್ಸ್ ವಿಷಯದಲ್ಲಂತೂ ಇದೊಂದು ಹಳೇ ಜೋಕು: ಅವರ ಹೊಸ ಆಲ್ಬಂ ಬಂದಾಗಲೆಲ್ಲ ‘ಟ್ಯಾಟೂ ಯು’ ಆದಮೇಲೆ ಇದೇ ಅತ್ಯುತ್ತಮ ಎಂದು ಯಾರಾದರೊಬ್ಬರು ಬರೆದೇ ಬರೆಯುತ್ತಾರೆ. 1981ರ ಆ ಅಳತೆಗೋಲಾದರೂ ಎಂಥದ್ದು? ಹಿಂದಿನ ಆಲ್ಬಂಗಳ ಧ್ವನಿಮುದ್ರಣದಲ್ಲಿ ಉಳಿದುಹೋಗಿದ್ದ ತುಣುಕುಗಳನ್ನು ಇಂಜಿನಿಯರ್ ಕ್ರಿಸ್ ಕಿಮ್ಸಿ ಟೇಪುಗಳಿಂದ ಹೆಕ್ಕಿ ಕೊಟ್ಟರು, ಜ್ಯಾಗರ್ ಅವುಗಳ ಮೇಲೆ ಹಾಡಿದರು. ಅದರ ಅತಿ ಜನಪ್ರಿಯ ಹಾಡು ‘ಸ್ಟಾರ್ಟ್ ಮಿ ಅಪ್’ ಮೂಲದಲ್ಲಿ ರೆಗ್ಗೆ ಲಯದ ಪ್ರಯೋಗ. ಅಂದರೆ ಎಲ್ಲರೂ ಅಳೆದು ನೋಡುವ ಆ ಹಳೇ ಖದರೇ ನಿನ್ನೆಯ ಅನ್ನಕ್ಕೆ ಒಗ್ಗರಣೆ ಹಾಕಿ ಮಾಡಿದ ಚಿತ್ರಾನ್ನ. ರುಚಿಯಾಗಿತ್ತು ಎನ್ನುವುದರಲ್ಲಿ ಸಂಶಯವಿಲ್ಲ.

ಹಾಗಂತ ಮರಳುವುದು ಎಂಬುದೇ ಪ್ರಚಾರದ ಸುಳ್ಳು ಅನ್ನುವಂತಿಲ್ಲ. ಅಪರೂಪಕ್ಕೆ ನಿಜಕ್ಕೂ ಆಗುತ್ತದೆ. ಆದ ಕಡೆಯೆಲ್ಲ ಹಿಂದಿನ ನಾಲ್ಕೈದು ವರ್ಷ ತಿರುವಿ ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ತಮ್ಮ ಹಾಡಿಗೆ ಮರಳುವ ಮೊದಲು ಇವರು ಬೇರೆಯವರ ಹಾಡು ಹಾಡಿರುತ್ತಾರೆ. ವಿಮರ್ಶಕರು ಆ ಆಲ್ಬಂಗಳನ್ನು ಕಾಲಹರಣ ಎಂದು ಬದಿಗಿಟ್ಟಿರುತ್ತಾರೆ. ಕೆಲಸ ನಡೆದಿರುವುದು ಅಲ್ಲೇ.

ಡಿಲನ್ ಎರಡು ಸಲ ಹಿಡಿದ ದಾರಿ

ಇದಕ್ಕೆ ಅಮೆರಿಕದ ಹಾಡುಗಾರ ಬಾಬ್ ಡಿಲನ್ ಅವರಷ್ಟು ಸ್ಪಷ್ಟ ಉದಾಹರಣೆ ಇನ್ನೊಂದಿಲ್ಲ. 1990ರಲ್ಲಿ ‘ಅಂಡರ್ ದಿ ರೆಡ್ ಸ್ಕೈ’ ಬಂದಾಗ ಅವರ ಕಥೆ ಮುಗಿಯಿತೆಂದೇ ಹಲವರು ತೀರ್ಮಾನಿಸಿದ್ದರು. ಅದಾದ ಮೇಲೆ ಏಳು ವರ್ಷ ಅವರಿಂದ ಹೊಸ ಸ್ವಂತ ಹಾಡುಗಳ ಆಲ್ಬಂ ಬರಲಿಲ್ಲ. ಈ ನಡುವೆ 1992ರಲ್ಲಿ ‘ಗುಡ್ ಆ್ಯಸ್ ಐ ಬೀನ್ ಟು ಯು’, 1993ರಲ್ಲಿ ‘ವರ್ಲ್ಡ್ ಗಾನ್ ರಾಂಗ್’ ಎಂಬ ಎರಡು ಆಲ್ಬಂ ಬಂದವು. ಎರಡರಲ್ಲೂ ಒಂದೇ ಒಂದು ಸಾಲು ಅವರು ಬರೆದದ್ದಲ್ಲ. ಹಳೇ ಜನಪದ ಗೀತೆಗಳು, ಕಪ್ಪು ಅಮೆರಿಕನ್ನರ ಬ್ಲೂಸ್ ಹಾಡುಗಳು. ಮನೆಯ ಗ್ಯಾರೇಜಿನ ಸ್ಟುಡಿಯೋದಲ್ಲಿ ಒಬ್ಬರೇ ಕೂತು ಅಕೂಸ್ಟಿಕ್ ಗಿಟಾರ್, ಮೌತ್ ಆರ್ಗನ್ ಹಿಡಿದು ಹಾಡಿದ್ದು. ಬ್ಯಾಂಡ್ ಇಲ್ಲ, ಹಿಂದೆ ದನಿಗೂಡಿಸುವವರಿಲ್ಲ, ಒಡೆದ ಗಂಟಲನ್ನು ಮುಚ್ಚಿಡಲು ಏನೂ ಇಲ್ಲ.

ನಂತರ 1997ರ ಜನವರಿಯಲ್ಲಿ ಮಿಯಾಮಿಯ ಕ್ರೈಟೀರಿಯಾ ಸ್ಟುಡಿಯೋದಲ್ಲಿ ಧ್ವನಿಮುದ್ರಣ ನಿರ್ದೇಶಿಸುವ ಡ್ಯಾನಿಯೆಲ್ ಲನ್ವಾ ಜೊತೆ ‘ಟೈಮ್ ಔಟ್ ಆಫ್ ಮೈಂಡ್’ ಧ್ವನಿಮುದ್ರಣ. ಸೆಪ್ಟೆಂಬರ್ 30ಕ್ಕೆ ಬಿಡುಗಡೆ. ಮುಂದಿನ ವರ್ಷ ಆ ವರ್ಷದ ಅತ್ಯುತ್ತಮ ಆಲ್ಬಂ ಸೇರಿ ಮೂರು ಗ್ರ್ಯಾಮಿ. ಆ ಆಲ್ಬಂನ ಸಾಲುಗಳ ಕಟ್ಟಡ, ಮುಖ ನೋಡದೆ ಸುದ್ದಿ ಹೇಳುವಂಥ ನಿರ್ಭಾವದ ದನಿ, ಸಾವು-ದಾರಿ-ಕತ್ತಲೆಗಳನ್ನು ಅಲಂಕಾರವಿಲ್ಲದೆ ಎತ್ತಿಕೊಳ್ಳುವ ರೀತಿ ಎಲ್ಲವೂ ಗ್ಯಾರೇಜಿನಲ್ಲಿ ಹಾಡಿದ ಆ ಹಳೇ ಹಾಡುಗಳಿಂದ ಬಂದವು. ಈ ಆಲ್ಬಂ ಬಗ್ಗೆ ಒಂದು ತಪ್ಪು ಕಥೆ ಈಗಲೂ ಓಡಾಡುತ್ತದೆ: ಹೃದಯದ ಕಾಯಿಲೆಯಿಂದ ಸಾವಿನ ಬಾಗಿಲು ತಟ್ಟಿ ಬಂದ ಮೇಲೆ ಬರೆದ ಹಾಡುಗಳಿವು ಎಂದು. ದಿನಾಂಕ ನೋಡಿ. ಫಂಗಸ್ ಸೋಂಕಿನಿಂದ ಹೃದಯದ ಹೊರಪೊರೆ ಊದಿಕೊಂಡು ಡಿಲನ್ ಆಸ್ಪತ್ರೆ ಸೇರಿದ್ದು 1997ರ ಮೇ ಕೊನೆಯಲ್ಲಿ. ಹಾಡು ಮುದ್ರಣವಾಗಿ ಆಗಲೇ ನಾಲ್ಕು ತಿಂಗಳು ಕಳೆದಿತ್ತು. ಕಾಯಿಲೆಯಿಂದ ಬಂದ ಕಲೆ ಎನ್ನುವುದು ಓದಲು ಚೆಂದ, ಆದರೆ ಕ್ಯಾಲೆಂಡರ್ ಅದನ್ನು ಒಪ್ಪುವುದಿಲ್ಲ.

ಎರಡನೆಯ ಸಲ ಇದೇ ದಾರಿ ಇನ್ನೂ ಉದ್ದವಾಗಿತ್ತು. 2012ರ ‘ಟೆಂಪೆಸ್ಟ್’ನಲ್ಲಿ ಅವರ ಗಂಟಲು ಜಲ್ಲಿ ಕಲ್ಲಿನ ಮೇಲೆ ಲಾರಿ ಎಳೆದಂತಿತ್ತು. ಅಭಿಮಾನಿಗಳೇ ಇನ್ನು ಸಾಕು ಎನ್ನುತ್ತಿದ್ದರು. 2015ರಲ್ಲಿ ‘ಶ್ಯಾಡೋಸ್ ಇನ್ ದಿ ನೈಟ್’ ಬಂತು. ಹತ್ತು ಹಾಡು, ಎಲ್ಲವೂ ಮೃದು ಕಂಠದ ಅಮೆರಿಕನ್ ಗಾಯಕ ಫ್ರ್ಯಾಂಕ್ ಸಿನಾತ್ರಾ ಹಿಂದೆ ಹಾಡಿದ್ದವು. ಡಿಲನ್ ಸಿನಾತ್ರಾ ಹಾಡುವುದೇ ಎಂದು ಜನ ನಕ್ಕರು. 2016, 2017ರಲ್ಲಿ ಅಂಥವೇ ಇನ್ನೆರಡು ಆಲ್ಬಂ ಬಂದವು, ಕೊನೆಯದು ಮೂರು ಡಿಸ್ಕಿನದು.

ಈ ಮೂರರಲ್ಲಿ ಮೊದಲ ಆಲ್ಬಂ ಆದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಾಲಿವುಡ್ಡಿನ ಕ್ಯಾಪಿಟಲ್ ಸ್ಟುಡಿಯೋ. ಇಂಜಿನಿಯರ್ ಆಲ್ ಶ್ಮಿಟ್. ವಾದ್ಯದವರೆಲ್ಲ ಒಂದೇ ಕೋಣೆಯಲ್ಲಿ, ಯಾರ ಕಿವಿಗೂ ಹೆಡ್‌ಫೋನ್ ಇಲ್ಲ, ಆಮೇಲೆ ಬಂದು ಸೇರಿಸುವ ಟ್ರ್ಯಾಕ್ ಇಲ್ಲ. ಹೆಡ್‌ಫೋನ್ ತೆಗೆದಿಟ್ಟರೆ ಏನಾಗುತ್ತದೆ? ಪಕ್ಕದಲ್ಲಿ ನಿಂತ ಮುದುಕನ ಮೆಲುದನಿ ಕೇಳಬೇಕಾದರೆ ಡ್ರಮ್ಮಿನವರು ಕೋಲು ಬಿಟ್ಟು ಬ್ರಷ್ ಹಿಡಿಯಲೇಬೇಕು, ಗಿಟಾರಿನವರು ಆಂಪ್ಲಿಫೈಯರ್ ತಗ್ಗಿಸಲೇಬೇಕು. ಸಮತೋಲ ಮಿಕ್ಸಿಂಗ್ ಟೇಬಲ್ಲಿನಲ್ಲಲ್ಲ, ಕೋಣೆಯಲ್ಲೇ ಆಗಿಬಿಡುತ್ತದೆ. ಸಿನಾತ್ರಾ ಹಿಂದೆ ಇದ್ದ ತಂತಿವಾದ್ಯಗಳ ಇಡೀ ಮೇಳದ ಜಾಗವನ್ನು ಡಾನಿ ಹೆರನ್ ಅವರ ಪೆಡಲ್ ಸ್ಟೀಲ್ ಗಿಟಾರ್ ಒಂದೇ ತುಂಬಿತು. ದನಿ ಎತ್ತರಿಸುವ ಅಗತ್ಯ ತಪ್ಪಿದ್ದೇ ತಡ ಗಂಟಲಿನ ಕರ್ಕಶ ಅರ್ಧಕ್ಕರ್ಧ ಇಳಿಯಿತು. ಕೂಗುವಾಗ ಮಾತ್ರ ಒಡೆಯುವ ದನಿ ಅದು, ಮಾತಿನ ಮಟ್ಟದಲ್ಲಿ ಒಡೆಯುವುದಿಲ್ಲ.

ಮೂರು ವರ್ಷ ಈ ಸಾಧನೆಯಾದ ಮೇಲೆ 2020ರ ಜೂನ್‌ನಲ್ಲಿ, ಡಿಲನ್‌ಗೆ 79 ಆದಾಗ, ‘ರಫ್ ಅಂಡ್ ರೌಡಿ ವೇಸ್’ ಬಂತು. ಅದರಲ್ಲಿನ ‘ಮರ್ಡರ್ ಮೋಸ್ಟ್ ಫೌಲ್’ ಸುಮಾರು 17 ನಿಮಿಷದ್ದು. ಬಿಲ್‌ಬೋರ್ಡ್‌ನ ಯಾವುದೇ ಹಾಡುಪಟ್ಟಿಯಲ್ಲಿ ಡಿಲನ್ ತಾವೇ ಹಾಡಿ ಮೊದಲ ಸ್ಥಾನಕ್ಕೆ ಬಂದ ಮೊದಲ ಹಾಡು ಅದು. ಅಷ್ಟುದ್ದ ಹಾಡು ಕೇಳಿಸಿಕೊಳ್ಳುವುದಕ್ಕೆ ಕಾರಣ ಸಾಹಿತ್ಯವೊಂದೇ ಅಲ್ಲ. ಸಾಲನ್ನು ಎಲ್ಲಿ ಒಡೆಯಬೇಕು, ಎಲ್ಲಿ ಉಸಿರು ತೆಗೆದುಕೊಂಡರೆ ಅರ್ಥ ಮುರಿಯುವುದಿಲ್ಲ ಎಂಬುದನ್ನು ಆತ ಸಿನಾತ್ರಾ ಹಾಡುಗಳ ಮೇಲೆ ಕಲಿತು ಮುಗಿಸಿದ್ದರು.

ಗಂಟಲಿಗೆ ನಿಜವಾಗಿ ಏನಾಗುತ್ತದೆ

ಪರರ ಹಾಡು ಯಾಕೆ ಕೆಲಸ ಮಾಡುತ್ತದೆ ಎಂದು ತಿಳಿಯಲು ವಯಸ್ಸು ಏನು ಕಿತ್ತುಕೊಳ್ಳುತ್ತದೆ ಎಂದು ಗೊತ್ತಿರಬೇಕು. ಸ್ವರತಂತುಗಳು ತೆಳ್ಳಗಾಗುತ್ತವೆ, ಅವುಗಳ ಸ್ನಾಯು ಸೊರಗುತ್ತದೆ. ಎರಡೂ ತಂತುಗಳು ಪೂರ್ತಿ ಕೂಡಿಕೊಳ್ಳದೆ ನಡುವೆ ಸಂದು ಉಳಿದು, ಅಲ್ಲಿಂದ ಗಾಳಿ ಸೋರುತ್ತದೆ. ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಗಟ್ಟಿಯಾಗುತ್ತದೆ. ಎದೆಗೂಡು ಬಿಗಿದು ಶ್ವಾಸಕೋಶದ ಹಿಗ್ಗು ಕುಗ್ಗುತ್ತದೆ. ಫಲ ಮೂರು: ಮೇಲಿನ ಸ್ವರಗಳು ಮೊದಲು ಹೋಗುತ್ತವೆ, ಒಂದು ಉಸಿರಿನಲ್ಲಿ ಹಿಡಿಯುವ ಸಾಲು ಚಿಕ್ಕದಾಗುತ್ತದೆ, ಸ್ವರದ ಕಂಪನ ನಿಧಾನವಾಗಿ ಅಗಲವಾಗುತ್ತದೆ. ಆರೋಗ್ಯವಂತ ಗಾಯನದಲ್ಲಿ ಆ ಕಂಪನ ಸೆಕೆಂಡಿಗೆ 5ರಿಂದ 7 ಸಲ. ಅದಕ್ಕಿಂತ ಕೆಳಗಿಳಿದರೆ ಕಿವಿಗೆ ಅದು ಕಂಪನ ಅನ್ನಿಸುವುದಿಲ್ಲ, ನಡುಕ ಅನ್ನಿಸುತ್ತದೆ.

ನಮ್ಮ ಸಂಗೀತದಲ್ಲಿ ಇದಕ್ಕೆ ಪರಿಹಾರ ಸಲೀಸು. ವಯಸ್ಸಾದಂತೆ ಶ್ರುತಿ ಅರ್ಧ ಮನೆ, ಒಂದು ಮನೆ ಇಳಿಸಿಕೊಂಡರಾಯಿತು. ತಂಬೂರಿ ತಿರುವಿದರೆ ಮುಗಿಯಿತು, ಯಾರೂ ಅದನ್ನು ಸೋಲೆಂದು ಎಣಿಸುವುದಿಲ್ಲ. ರಾಕ್ ಬ್ಯಾಂಡಿನಲ್ಲಿ ಅಷ್ಟು ಸುಲಭವಿಲ್ಲ. ಅಲ್ಲಿ ಹಾಡು ಗಾಯಕನ ಶ್ರುತಿಯಿಂದ ಹುಟ್ಟಿದ್ದಲ್ಲ, ಗಿಟಾರಿನ ತೆರೆದ ತಂತಿಗಳಿಂದ ಹುಟ್ಟಿದ್ದು.

ಕೀತ್ ರಿಚರ್ಡ್ಸ್ ಗಿಟಾರನ್ನೇ ತೆಗೆದುಕೊಳ್ಳಿ. ಆರನೇ ತಂತಿ ಕಿತ್ತುಹಾಕಿ ಉಳಿದ ಐದನ್ನು ಜಿ-ಡಿ-ಜಿ-ಬಿ-ಡಿ ಎಂದು ಕಟ್ಟುತ್ತಾರೆ. ಒಂದು ಬೆರಳು ಅಡ್ಡ ಇಟ್ಟರೆ ಪೂರ್ಣ ಸ್ವರಮೇಳ, ಉಳಿದ ಎರಡು ಬೆರಳು ಕುಣಿಯಲು ಬಿಡುವು. ಸ್ಟೋನ್ಸ್ ಸದ್ದು ಎನ್ನುವುದರ ಮುಕ್ಕಾಲು ಪಾಲು ಇದೇ. ಈಗ ಗಾಯಕ ಎರಡು ಅರ್ಧಸ್ವರ ಕೆಳಗಿಳಿಯಬೇಕು ಎಂದರೆ ಏನು ಮಾಡುವುದು? ಕೇಪೋ ಎಂಬ ಹಿಡಿಕೆ ಶ್ರುತಿ ಏರಿಸಬಲ್ಲದು, ಇಳಿಸಲಾರದು. ತಂತಿಯನ್ನೇ ಸಡಿಲಿಸಬೇಕು. ತಂತಿಯ ಬಿಗಿ ಸ್ವರದ ಆವರ್ತನದ ವರ್ಗಕ್ಕೆ ಅನುಗುಣ. ಹಾಗಾಗಿ ಒಂದು ಅರ್ಧಸ್ವರ ಇಳಿಸಿದರೆ ಬಿಗಿ ಸುಮಾರು 11 ಶೇಕಡ ಕಡಿಮೆ, ಎರಡಕ್ಕೆ ಸುಮಾರು 21 ಶೇಕಡ. ಅಷ್ಟು ಸಡಿಲವಾದ ತಂತಿ, ಗಿಟಾರಿನ ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಯಾದ ಫ್ರೆಟ್‌ಗೆ ಬಡಿದು ಗುಂಯ್‌ಗುಡುತ್ತದೆ, ಜೋರಾಗಿ ಮೀಟಿದರೆ ಸ್ವರ ಮೊದಲು ಮೇಲೆ ಹಾರಿ ಆಮೇಲೆ ಜಾಗಕ್ಕೆ ಬರುತ್ತದೆ. ಪರಿಹಾರ ದಪ್ಪ ತಂತಿ: ಮೊದಲ ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 10 ಭಾಗ ಇದ್ದದ್ದನ್ನು 11 ಮಾಡಿದರೆ ಬಿಗಿ 21 ಶೇಕಡ ಏರುತ್ತದೆ, ಎರಡು ಅರ್ಧಸ್ವರ ಇಳಿಸಿದ ಮೇಲೂ ಹಳೇ ಬಿಗಿಯ ಸುಮಾರು 96 ಶೇಕಡ ಉಳಿಯುತ್ತದೆ. ಅಲ್ಲಿಗೆ ಮುಗಿಯಲಿಲ್ಲ. ದಪ್ಪ ತಂತಿ ಕೂರುವಂತೆ ಕುತ್ತಿಗೆ ತುದಿಯ ಪಟ್ಟಿಯ ಗೀರುಗಳನ್ನು ಅರಹಾಕಿ ಅಗಲಿಸಬೇಕು, ಇಲ್ಲದಿದ್ದರೆ ತಂತಿ ಅಲ್ಲಿ ಸಿಕ್ಕಿಕೊಂಡು ಶ್ರುತಿ ನಿಲ್ಲುವುದಿಲ್ಲ. ಕುತ್ತಿಗೆಯೊಳಗಿನ ಸರಳನ್ನು ಒಂದಿಷ್ಟು ತಿರುಗಿಸಬೇಕು. ಸೇತುವೆಯ ಮೇಲಿನ ಆಸರೆಗಳನ್ನು ಒಂದೊಂದಾಗಿ ಸರಿಸಿ 12ನೇ ಫ್ರೆಟ್‌ನಲ್ಲಿ ಸ್ವರ ಕೂಡುತ್ತದೆಯೇ ನೋಡಬೇಕು.

ಇದೆಲ್ಲದರ ಜೊತೆ ಮನುಷ್ಯನ ಕೈಯೂ ಇದೆ. ಸಂಧಿವಾತ ತಮ್ಮ ನುಡಿಸುವ ರೀತಿಯನ್ನು ಬದಲಿಸಿದೆ ಎಂದು ರಿಚರ್ಡ್ಸ್ ‘ಹ್ಯಾಕ್ನಿ ಡೈಮಂಡ್ಸ್’ ಬಂದ ವರ್ಷವೇ ಸಾರ್ವಜನಿಕವಾಗಿ ಹೇಳಿದ್ದರು. ಗಂಟು ಊದಿದ ಬೆರಳಿಗೆ ದಪ್ಪ ತಂತಿ ಕೊಡುವುದೆಂದರೆ ಒಬ್ಬರ ಗಂಟಲು ಉಳಿಸಲು ಇನ್ನೊಬ್ಬರ ಕೈ ಬಲಿಕೊಟ್ಟಂತೆ. ಆದ್ದರಿಂದ ಇಂಥ ತಂಡಗಳು ಬಹಳ ಸಲ ಶ್ರುತಿ ಮುಟ್ಟದೆ ರಾಗದ ದಾರಿಯನ್ನೇ ತಿದ್ದುತ್ತವೆ: ಪಲ್ಲವಿಯ ತುದಿಯ ಸ್ವರವನ್ನು ಹಿನ್ನೆಲೆ ಗಾಯಕರಿಗೆ ಬಿಟ್ಟು ಮುಖ್ಯ ಗಾಯಕ ಅದರ ಕೆಳಗಿನ ಸ್ವರ ಹಿಡಿಯುವುದು. ‘ಹ್ಯಾಕ್ನಿ ಡೈಮಂಡ್ಸ್’ನ ಏಳು ನಿಮಿಷ ಮೀರಿದ ‘ಸ್ವೀಟ್ ಸೌಂಡ್ಸ್ ಆಫ್ ಹೆವೆನ್’ ಕೇಳಿ. ಕೊನೆಯ ಏರಿನಲ್ಲಿ ಲೇಡಿ ಗಾಗಾ ಭಾರ ಹೊರುತ್ತಾರೆ, ಜ್ಯಾಗರ್ ಅವರ ಸುತ್ತ ಚಿಕ್ಕ ಚಿಕ್ಕ ಕೂಗು ಎಸೆಯುತ್ತಾರೆ. ಅತಿಥಿ ಗಾಯಕಿ ಬರೀ ಪೋಸ್ಟರಿನ ಅಲಂಕಾರ ಅಂದುಕೊಂಡವರು ಅದನ್ನು ಇನ್ನೊಮ್ಮೆ ಗಮನಿಸಬೇಕು.

ಪರರ ಹಾಡು ಇಲ್ಲಿ ಮಾಡುವ ಉಪಕಾರ ಇಷ್ಟೇ: ಬರೆಯುವ ಕೆಲಸವನ್ನು ಹಾಡುವ ಕೆಲಸದಿಂದ ಬೇರ್ಪಡಿಸುತ್ತದೆ. ಸ್ವಂತ ಹಾಡಾದರೆ ಸಾಲು ಸರಿಯಿಲ್ಲವೋ, ಶ್ರುತಿ ಸರಿಯಿಲ್ಲವೋ, ಲಯ ಸರಿಯಿಲ್ಲವೋ ಗೊತ್ತಾಗದೆ ಎಲ್ಲವನ್ನೂ ಒಟ್ಟಿಗೆ ಕಲಕುತ್ತಾರೆ. ಅರವತ್ತು ವರ್ಷದಿಂದ ನಿಂತಿರುವ ಹಾಡಾದರೆ ಸಾಹಿತ್ಯದ ಮೇಲೆ ಅನುಮಾನ ಇಲ್ಲ. ಉಳಿದದ್ದು ಶ್ರುತಿ, ವೇಗ, ಉಸಿರು, ಕೋಣೆ. ಸ್ವಂತ ಹಳೇ ಹಾಡು ಇದಕ್ಕೆ ಆಗಿಬರುವುದಿಲ್ಲ, ಯಾಕೆಂದರೆ ಅದರೊಳಗೆ ಇಪ್ಪತ್ತೈದರ ಹರೆಯದ ದನಿ ಎದುರಾಳಿಯಾಗಿ ಕೂತಿರುತ್ತದೆ.

ಮೂರು ದಿನದ ಬ್ಲೂಸ್

ಸ್ಟೋನ್ಸ್‌ಗೆ ಇದು ಯೋಜನೆ ಹಾಕಿ ಆದದ್ದಲ್ಲ. 2015ರ ಡಿಸೆಂಬರ್‌ನಲ್ಲಿ ಸ್ವಂತ ಹಾಡು ಮುದ್ರಿಸಲೆಂದೇ ಲಂಡನ್ನಿನ ಬ್ರಿಟಿಷ್ ಗ್ರೋವ್ ಸ್ಟುಡಿಯೋಗೆ ಹೋಗಿದ್ದರು. ಆ ಸ್ಟುಡಿಯೋ ಮಾರ್ಕ್ ನಾಫ್ಲರ್ ಅವರದ್ದು. ಕೋಣೆಯ ಸದ್ದು ಕೂಡಿಬರಲಿಲ್ಲ. ಕಿವಿ ಹದಕ್ಕೆ ಬರಲಿ ಎಂದು ಒಂದು ಹಳೇ ಬ್ಲೂಸ್ ಎತ್ತಿಕೊಂಡರು. ಅದು ಕೂತಿತು. ಮೂರು ದಿನದಲ್ಲಿ 12 ಹಾಡು ಮುಗಿಯಿತು, ಪಕ್ಕದ ಕೋಣೆಯಲ್ಲಿದ್ದ ಎರಿಕ್ ಕ್ಲಾಪ್ಟನ್ ಬಂದು ಎರಡಕ್ಕೆ ಗಿಟಾರ್ ನುಡಿಸಿದರು. ಮರುವರ್ಷ ‘ಬ್ಲೂ ಅಂಡ್ ಲೋನ್ಸಮ್’ ಎಂದು ಹೊರಬಂತು. ಸ್ವಂತ ಹಾಡುಗಳ ಆಲ್ಬಂ ಮಾತ್ರ ಇನ್ನೂ ಏಳು ವರ್ಷ ಎಳೆಯಿತು.

ಆ ಏಳು ವರ್ಷದಲ್ಲಿ ದೊಡ್ಡ ಘಟನೆ 2021ರ ಆಗಸ್ಟ್ 24ರಂದು ಡ್ರಮ್ಮರ್ ಚಾರ್ಲಿ ವಾಟ್ಸ್ ತೀರಿಕೊಂಡದ್ದು. ಅವರು 2019ರಲ್ಲಿ ನುಡಿಸಿಟ್ಟಿದ್ದ ಎರಡು ಹಾಡು ‘ಹ್ಯಾಕ್ನಿ ಡೈಮಂಡ್ಸ್’ನಲ್ಲಿವೆ. ಒಂದಕ್ಕೆ ಹಳೇ ಬೇಸ್ ವಾದಕ ಬಿಲ್ ವೈಮನ್ ಕೂಡ ಮರಳಿ ಬಂದರು. ಡ್ರಮ್ಸ್ ಇರುವ ಉಳಿದ ಹಾಡುಗಳಲ್ಲಿ ನುಡಿಸಿದವರು ಸ್ಟೀವ್ ಜಾರ್ಡನ್. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಚಾರ್ಲಿ ಎರಡನೇ ಮತ್ತು ನಾಲ್ಕನೇ ಪೆಟ್ಟಿಗೆ ಸ್ನೇರ್ ಎಂಬ ಡ್ರಮ್ ಹೊಡೆಯುವಾಗ ಹೈಹ್ಯಾಟ್ ಎಂಬ ಜೋಡಿ ತಾಳದಿಂದ ಬಲಗೈ ಎತ್ತಿಬಿಡುತ್ತಾರೆ. ಎರಡೂ ಸದ್ದು ಒಂದರ ಮೇಲೊಂದು ಬೀಳುವುದಿಲ್ಲ, ಸ್ನೇರಿನ ಸುತ್ತ ಗಾಳಿ ಇರುತ್ತದೆ. ಜಾರ್ಡನ್ ಅವರದು ತುಂಬಿದ ಹೊಡೆತ.

ಕೆಲಸ ಮುಗಿಸಿದ್ದು ಕೊನೆಗೆ ಎರಡು ವಸ್ತು. ಒಂದು ಗಡುವು: 2023ರ ಪ್ರೇಮಿಗಳ ದಿನದೊಳಗೆ ಮುಗಿಯಬೇಕು ಎಂದು ಜ್ಯಾಗರ್ ಹಠ ಹಿಡಿದರು. ಇನ್ನೊಂದು ಪ್ರೊಡ್ಯೂಸರ್ ಆಂಡ್ರ್ಯೂ ವಾಟ್. ಈ ಪದದ ಬಗ್ಗೆ ಒಂದು ಮಾತು. ಸಿನಿಮಾದಲ್ಲಿ ಪ್ರೊಡ್ಯೂಸರ್ ಎಂದರೆ ದುಡ್ಡು ಹಾಕುವವರು. ಆಲ್ಬಂ ಲೋಕದಲ್ಲಿ ಅವರು ನಿರ್ದೇಶಕರಿದ್ದಂತೆ, ಯಾವ ಟೇಕ್ ಉಳಿಯಬೇಕು, ಯಾವ ಹಾಡು ಬೀಳಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಹೇಳುವವರು. ವಾಟ್ ಇದಕ್ಕೂ ಮುಂಚೆ ಓಝಿ ಆಸ್ಬರ್ನ್, ಇಗ್ಗಿ ಪಾಪ್ ಅವರಿಗೆ ಇದೇ ಬಗೆಯ ಮರುಪ್ರವೇಶ ಮಾಡಿಸಿದ್ದರು. ಅವರ ವಿಧಾನ ಗೊತ್ತಿರುವಂಥದ್ದೇ: ಚುಟುಕು ಹಾಡು, ಮೊದಲ ನಿಮಿಷದಲ್ಲೇ ಪಲ್ಲವಿ, ಅತಿಥಿಗಳ ದಂಡು. ಪಾಲ್ ಮ್ಯಾಕಾರ್ಟ್ನಿ, ಎಲ್ಟನ್ ಜಾನ್, ಸ್ಟೀವಿ ವಂಡರ್ ಎಲ್ಲರೂ ಬಂದಿದ್ದಾರೆ.

ನನ್ನ ತಕರಾರು ಅಲ್ಲಿದೆ. ವಯಸ್ಸನ್ನು ಮುಚ್ಚುವ ವಿಧಾನ ಇದು. ಜ್ಯಾಗರ್ ದನಿ ಗಿಟಾರಿನಷ್ಟೇ ಹೊಳೆಯುತ್ತದೆ, ಗಿಟಾರ್ ಡ್ರಮ್ಮಿನಷ್ಟೇ ಮುಂದಿದೆ, ಎಲ್ಲವೂ ಮುಂದಿನ ಸಾಲಿನಲ್ಲಿ ಕೂತಂತೆ. 48 ನಿಮಿಷದಲ್ಲಿ ನಿಜವಾಗಿ ಮೈ ನವಿರೇಳುವುದು ಕೊನೆಯ ಹಾಡಿನಲ್ಲಿ. ಅಲ್ಲಿ ಜ್ಯಾಗರ್, ರಿಚರ್ಡ್ಸ್ ಇಬ್ಬರೇ: ಒಂದು ಗಿಟಾರ್, ಒಂದು ಮೌತ್ ಆರ್ಗನ್. ಹಾಡು ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ 1950ರಲ್ಲಿ ಹಾಡಿದ್ದು, ತಂಡಕ್ಕೆ ಹೆಸರು ಬಂದದ್ದೇ ಅದರಿಂದ. ಸ್ವಂತ ಹಾಡುಗಳ ಆಲ್ಬಂನ ಅತ್ಯಂತ ಸ್ವಂತವಾದ ಕ್ಷಣ ಪರರದ್ದು.

ವಯಸ್ಸನ್ನು ಮುಂದಿಡುವವರ ದಾರಿ ಬೇರೆ. 1986ರಲ್ಲಿ ಕೊಲಂಬಿಯಾ ಕಂಪನಿ ಅಮೆರಿಕದ ಹಳೇ ಗಾಯಕ ಜಾನಿ ಕ್ಯಾಶ್ ಅವರನ್ನು ಕೈಬಿಟ್ಟಿತ್ತು. ಸ್ಲೇಯರ್, ಬೀಸ್ಟಿ ಬಾಯ್ಸ್ ತಂಡಗಳ ಜೊತೆ ಕೆಲಸ ಮಾಡಿದ್ದ ಪ್ರೊಡ್ಯೂಸರ್ ರಿಕ್ ರೂಬಿನ್, ಕ್ಯಾಶ್ ಅವರನ್ನು ತಮ್ಮ ಮನೆಯ ಹಜಾರದಲ್ಲಿ ಕೂರಿಸಿ ಗಿಟಾರ್ ಕೊಟ್ಟು ಗೊತ್ತಿರುವ ಹಾಡುಗಳನ್ನೆಲ್ಲ ಹಾಡಿ ಎಂದರು. 1994ರ ‘ಅಮೆರಿಕನ್ ರೆಕಾರ್ಡಿಂಗ್ಸ್’ ಬಹುಪಾಲು ಅಷ್ಟೇ. ಮೈಕ್ ಬಾಯಿಗೆ ಹತ್ತಿರವಿದ್ದರೆ ದನಿಯ ಕೆಳಗಿನ ಭಾಗ ತಾನಾಗಿ ಉಬ್ಬುತ್ತದೆ. ಒಂದು ಅಡಿ ದೂರದಿಂದ ನಾಲ್ಕು ಬೆರಳಿನ ದೂರಕ್ಕೆ ಬಂದರೆ ಸಾಕು, ಸೊರಗಿದ ಗಂಟಲಿಗೂ ಎದೆ ಬರುತ್ತದೆ. ಬೆಲೆಯೂ ಇದೆ: ನಾಲಗೆಯ ಅಂಟು, ಹಲ್ಲಿನ ಸಿಳ್ಳು, ಉಸಿರಿನ ಸದ್ದು ಎಲ್ಲ ಕೇಳುತ್ತದೆ. ಅವನ್ನು ಅಳಿಸುವವರು ಆ ಮುದುಕನನ್ನೂ ಅಳಿಸಿಬಿಡುತ್ತಾರೆ.

ಲನ್ವಾ ಇವೆರಡರ ನಡುವಿನವರು. ಡಿಲನ್ ದನಿಯ ಸುತ್ತ ಮಾರ್ದನಿಯ ಹೊಗೆ ತುಂಬಿದರು. 2023ರ ಜನವರಿಯಲ್ಲಿ ಬಂದ ‘ಫ್ರ್ಯಾಗ್ಮೆಂಟ್ಸ್’ ಸಂಗ್ರಹದಲ್ಲಿ ಮೈಕೆಲ್ ಬ್ರೌವರ್ ‘ಟೈಮ್ ಔಟ್ ಆಫ್ ಮೈಂಡ್’ನ ಹಾಡುಗಳನ್ನೇ ಹೊಗೆ ತೆಗೆದು ಹೊಸದಾಗಿ ಮಿಕ್ಸ್ ಮಾಡಿದ್ದಾರೆ. ಎರಡೂ ಸ್ಟ್ರೀಮಿಂಗ್‌ನಲ್ಲಿ ಸಿಗುತ್ತವೆ. ಯಾವುದೇ ಒಂದು ಹಾಡನ್ನು ಎರಡೂ ರೂಪದಲ್ಲಿ ಹಿಂದೆ ಮುಂದೆ ಕೇಳಿದರೆ ಪ್ರೊಡ್ಯೂಸರ್ ಏನು ಮಾಡುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ನನಗೆ ಹೊಗೆ ಇರುವುದೇ ಇಷ್ಟ. ಡಿಲನ್‌ಗೆ ಇಷ್ಟವಿರಲಿಲ್ಲ ಅನ್ನಿಸುತ್ತದೆ, ಮುಂದಿನ ಆಲ್ಬಂನಿಂದ ಜ್ಯಾಕ್ ಫ್ರಾಸ್ಟ್ ಎಂಬ ಹೆಸರಿಟ್ಟುಕೊಂಡು ತಾವೇ ಪ್ರೊಡ್ಯೂಸರ್ ಆದರು.

ಬೇಡ ಅನ್ನುವವರು ಯಾರು?

ಗಿಲ್ಮೋರ್ ಕಥೆ ಚಿಕ್ಕದು, ಆದರೆ ಹೇಳಬೇಕಾದ್ದು. 78ರ ವಯಸ್ಸಿನಲ್ಲಿ ಅವರು ಆರಿಸಿಕೊಂಡದ್ದು ಆಲ್ಟ್-ಜೆ ತಂಡದ ಪ್ರೊಡ್ಯೂಸರ್ ಚಾರ್ಲಿ ಆಂಡ್ರ್ಯೂ ಅವರನ್ನು. ಪಿಂಕ್ ಫ್ಲಾಯ್ಡ್ ಎಂದರೆ ಕೈಮುಗಿಯುವ ಪೈಕಿ ಅಲ್ಲ. ಪ್ರತಿ ಹಾಡಿಗೂ ಗಿಟಾರ್ ಸೋಲೋ ಯಾಕೆ, ಪ್ರತಿ ಹಾಡೂ ಮೆಲ್ಲಗೆ ಕರಗಿಯೇ ಯಾಕೆ ಮುಗಿಯಬೇಕು ಎಂದು ಆತ ಕೇಳಿದ್ದನ್ನು ಗಿಲ್ಮೋರ್ ತಾವೇ ಸಂದರ್ಶನಗಳಲ್ಲಿ ಖುಷಿಯಿಂದ ಹೇಳಿಕೊಂಡರು. ಜಗತ್ತಿನ ಅತಿ ಪ್ರಸಿದ್ಧ ಸೋಲೋಗಳಲ್ಲಿ ಕೆಲವನ್ನು ನುಡಿಸಿದವರಿಗೆ ಹಾಗೆ ಕೇಳುವವರು ಸುತ್ತಮುತ್ತ ಸಿಗುವುದಿಲ್ಲ. ಇದೇ ಆಲ್ಬಂನಲ್ಲಿ ಮಗಳು ರೊಮಾನಿ ಹಾಡಿರುವ ಒಂದು ಹಾಡೂ ಪರರದ್ದೇ.

ಕ್ಯೂರ್ ತಂಡದ ದಾರಿ ಮಾತ್ರ ಪೂರ್ತಿ ಬೇರೆ. ಪರರ ಹಾಡಿಲ್ಲ, ಅತಿಥಿಗಳಿಲ್ಲ. 2022ರ ಅಕ್ಟೋಬರ್‌ನಲ್ಲಿ ಲಾಟ್ವಿಯಾದ ರೀಗಾದಿಂದ ಶುರುವಾದ ಪ್ರವಾಸದಲ್ಲಿ ಹೊಸ ಹಾಡುಗಳನ್ನು ನೇರ ಜನರ ಮುಂದಿಟ್ಟರು, ಆಲ್ಬಂಗೆ ಇನ್ನೂ ಎರಡು ವರ್ಷವಿತ್ತು. ಕೊನೆಗೆ ಉಳಿದದ್ದು ಎಂಟು. ಮೊದಲನೆಯದರಲ್ಲಿ ದನಿ ಕೇಳುವುದೇ ಮೂರು ನಿಮಿಷ ದಾಟಿದ ಮೇಲೆ. ಅಷ್ಟು ಧೈರ್ಯ ಸ್ಟುಡಿಯೋದಲ್ಲಿ ಬರುವುದಲ್ಲ, ಸಾವಿರಾರು ಜನ ಮೂರು ನಿಮಿಷ ಸದ್ದಿಲ್ಲದೆ ನಿಂತದ್ದನ್ನು ಕಂಡವರಿಗೆ ಬರುತ್ತದೆ.

ನನ್ನ ವಾದಕ್ಕೆ ಎದುರು ನಿಲ್ಲುವವರೂ ಇದ್ದಾರೆ. ಡೇವಿಡ್ ಬೋವಿ 2013ರಲ್ಲಿ ಹತ್ತು ವರ್ಷದ ಮೌನದಿಂದ ನೇರ ಸ್ವಂತ ಹಾಡುಗಳಿಗೆ ಬಂದರು. ಎರಡು ವರ್ಷ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಗುಟ್ಟಾಗಿ ಕೆಲಸ ನಡೆದು, ತಮ್ಮ 66ನೇ ಹುಟ್ಟುಹಬ್ಬದ ದಿನ ಸುದ್ದಿ ಹೊರಬಿಟ್ಟರು. 2016ರ ‘ಬ್ಲ್ಯಾಕ್‌ಸ್ಟಾರ್’ಗೆ ರಾಕ್ ವಾದಕರನ್ನೇ ಬಿಟ್ಟು ಡಾನಿ ಮೆಕ್ಯಾಸ್ಲಿನ್ ಅವರ ಜಾಝ್ ತಂಡ ಕಟ್ಟಿಕೊಂಡರು. ಪರರ ಹಾಡಿನ ಬದಲು ಪರರ ಕೈ ಎನ್ನಬಹುದೇನೋ. ಇನ್ನೊಂದು ಕಡೆ ಬ್ರಿಟನ್ನಿನ ಗಾಯಕ ರಾಡ್ ಸ್ಟುವರ್ಟ್: 2002ರಿಂದ 2010ರೊಳಗೆ ಹಳೇ ಅಮೆರಿಕನ್ ಹಾಡುಗಳ ಐದು ಸಂಪುಟ. ಚೆನ್ನಾಗಿ ಮಾರಾಟವಾದವು, ಅದೇ ತೊಂದರೆ. ಸಾಣೆಕಲ್ಲನ್ನೇ ಅಂಗಡಿ ಮಾಡಿಕೊಂಡರೆ ಕತ್ತಿ ಹರಿತವಾಗಿ ಏನು ಉಪಯೋಗ? ಸ್ವಂತ ಹಾಡಿನ ಆಲ್ಬಂಗೆ ಅವರು ಮರಳಿದ್ದು 2013ರಲ್ಲಿ.

ಕೇಳುವಾಗ ಗಮನಿಸಬೇಕಾದ್ದು

ಮೊದಲು ಫೋನಿನಲ್ಲಿ ವಾಲ್ಯೂಮ್ ನಾರ್ಮಲೈಸೇಷನ್ ಚಾಲೂ ಇದೆಯೇ ನೋಡಿ. ಜೋರಾದದ್ದೇ ಉತ್ಸಾಹಭರಿತ ಎಂದು ಕಿವಿ ಮೋಸಹೋಗುತ್ತದೆ. ಸ್ಪಾಟಿಫೈ, ಸದ್ದಿನ ಜೋರು ಅಳೆಯುವ ಮಾನದಲ್ಲಿ, ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ಎಲ್ಲ ಹಾಡನ್ನೂ ತರುತ್ತದೆ. ಆಗ ಜಜ್ಜಿ ಜೋರು ಮಾಡಿದ ಆಲ್ಬಂ ಚಪ್ಪಟೆಯಾಗಿ ಕೇಳುತ್ತದೆ. ಮೆಟಾಲಿಕಾ ತಂಡ 2008ರ ‘ಡೆತ್ ಮ್ಯಾಗ್ನೆಟಿಕ್’ನಲ್ಲಿ ಹಾಡುಗಳ ಮಟ್ಟಿಗೆ ನಿಜಕ್ಕೂ ಹಳೇ ದಾರಿಗೆ ಮರಳಿತ್ತು. ಆದರೆ ಅಂತಿಮ ಹದ ಕೊಡುವ ಮಾಸ್ಟರಿಂಗ್‌ಗೆ ಬರುವ ಮೊದಲೇ ಸದ್ದು ಮಿತಿ ಮೀರಿ ಅಲೆಗಳ ತಲೆ ಕತ್ತರಿಸಿಹೋಗಿತ್ತು. ಅದೇ ಹಾಡುಗಳು ಗಿಟಾರ್ ಹೀರೋ ಎಂಬ ವಿಡಿಯೋ ಆಟದಲ್ಲಿ ಒಡೆಯದೆ ಕೇಳುತ್ತಿದ್ದವು. ಕಾಸು ಕೊಟ್ಟು ಸಿಡಿ ತಂದವರಿಗೆ ಆಟದ ಪ್ರತಿಯೇ ಮೇಲು ಎನ್ನುವ ಪರಿಸ್ಥಿತಿ.

ಎರಡನೆಯದು ಉಸಿರು. ಚರಣ ಮುಗಿದು ಪಲ್ಲವಿ ಎತ್ತುವ ಮುಂಚಿನ ಅರ್ಧ ಸೆಕೆಂಡು ಕಿವಿಗೊಟ್ಟು ಕೇಳಿ. ಅಲ್ಲಿ ಉಸಿರೆಳೆದ ಸದ್ದೇ ಇಲ್ಲದೆ ದನಿ ದಿಢೀರನೆ ಮೇಲೆ ಹತ್ತಿದರೆ ಪಲ್ಲವಿಯನ್ನು ಬೇರೆ ದಿನ ಹಾಡಿಸಿ ಜೋಡಿಸಿರುವ ಸಾಧ್ಯತೆ ಹೆಚ್ಚು. ಅದು ಅಪರಾಧವಲ್ಲ, ಹರೆಯದವರೂ ಮಾಡುತ್ತಾರೆ. ಆದರೆ ಎಂಬತ್ತರ ಗಾಯಕ ಒಂದೇ ಟೇಕ್‌ನಲ್ಲಿ ಎರಡನ್ನೂ ದಾಟಿದ್ದರೆ ಅದನ್ನು ಅವರು ಮರೆಮಾಚುವುದಿಲ್ಲ, ಕೇಳಿಸುವಂತೆ ಬಿಟ್ಟಿರುತ್ತಾರೆ.

ಮೂರನೆಯದಕ್ಕೆ ಒಂದು ವರ್ಷ ಕಾಯಬೇಕು. ಪ್ರವಾಸದಲ್ಲಿ ರಾತ್ರಿಗೆ ಎಷ್ಟು ಹೊಸ ಹಾಡು ಉಳಿಯುತ್ತವೆ? ಸ್ಕೋರ್‌ಬೋರ್ಡ್ ಎಂದರೆ ನನಗೆ ಇದೊಂದೇ. 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಸ್ಟೋನ್ಸ್ ಬಂದದ್ದು ಹಳೇ ಹಾಡುಗಳ ಸಂಕಲನದ ಬೆನ್ನಿಗೆ ಹೊರಟ ಪ್ರವಾಸದಲ್ಲಿ. ಅಂದು ನೆರೆದವರು ಕೇಳಲು ಬಂದದ್ದೂ ಹಳೆಯವನ್ನೇ, ಯಾರಿಗೂ ದೂರಿಲ್ಲ. 2024ರ ಪ್ರವಾಸ ಹೊಸ ಆಲ್ಬಂ ಹೆಸರಿನದ್ದು. ಪ್ರಾಯೋಜಕರು ಅಮೆರಿಕದ ನಿವೃತ್ತರ ಸಂಘ ಎಎಆರ್‌ಪಿ. ತಮಾಷೆಯಲ್ಲ, ಟಿಕೆಟ್ ಕೊಳ್ಳುವವರ ವಯಸ್ಸು ಅವರಿಗೆ ಚೆನ್ನಾಗಿ ಗೊತ್ತು. ಅಲ್ಲಿ ಹದಿನೆಂಟು-ಹತ್ತೊಂಬತ್ತು ಹಾಡಿನಲ್ಲಿ ಹೊಸವು ಮೂರರ ಆಸುಪಾಸು.

ಡಿಲನ್ 2021ರ ನವೆಂಬರ್ 2ರಂದು ಮಿಲ್ವಾಕಿಯಿಂದ ಹೊರಟು ಮೂರು ವರ್ಷಕ್ಕೂ ಮೀರಿ ‘ರಫ್ ಅಂಡ್ ರೌಡಿ ವೇಸ್’ ಹೊತ್ತು ತಿರುಗಿದರು. ಪ್ರೇಕ್ಷಕರ ಫೋನುಗಳು ಬೀಗ ಹಾಕಿದ ಚೀಲದಲ್ಲಿ, ಆತ ಪಿಯಾನೋ ಹಿಂದೆ. ಹದಿನೇಳರ ಹತ್ತಿರ ಹಾಡು, ಅದರಲ್ಲಿ ಒಂಬತ್ತು ಹೊಸ ಆಲ್ಬಂನವು, ಹದಿನೇಳು ನಿಮಿಷದ್ದೊಂದನ್ನು ಬಿಟ್ಟು ಎಲ್ಲವೂ. ಬಹಳ ರಾತ್ರಿಗಳಲ್ಲಿ ನಡುವೆ ಎಲ್ಲೋ ಒಂದು ಕಡೆ ಬ್ಯಾಂಡ್ ಸ್ವಲ್ಪ ಬಿರುಸಾಗುತ್ತಿತ್ತು, ಡಿಲನ್ ಹಳೇ ಗೀತರಚನೆಕಾರ ಜಾನಿ ಮರ್ಸರ್ ಬರೆದ ಸಾಲುಗಳನ್ನು ಎತ್ತಿಕೊಳ್ಳುತ್ತಿದ್ದರು. ಸಿನಾತ್ರಾ ಹಾಡಿದ್ದ ಹಾಡು.